ಬೆಳಿಗ್ಗೆ ಓದಿದ ವಚನ ಮಧ್ಯಾಹ್ನದವರೆಗೂ ಜೊತೆಗಿರಬೇಕಾದರೆ ಏನು ಮಾಡುತ್ತೀರಿ?

ದಿನದ ಓದು:

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು.

ದಿನಾ ಬೆಳಿಗ್ಗೆ ಫೋನಿಗೆ ಸತ್ಯವೇದದ (ಬೈಬಲಿನ) ಒಂದು ವಚನ ಬರುತ್ತದೆ. ಓದುತ್ತೇನೆ, ಆಮೆನ್ ಅನ್ನುತ್ತೇನೆ, ನಾಲ್ಕು ಜನಕ್ಕೆ ಕಳಿಸುತ್ತೇನೆ. ಆ ಹೊತ್ತಿಗೆ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೆಲಸಕ್ಕೆ ಹೋದ ಮೇಲೆ ಮೇಲಿನವರು ಎಲ್ಲರ ಮುಂದೆ ಒಂದು ಮಾತು ಅಂದುಬಿಟ್ಟರೆ ಸಾಕು, ಬೆಳಿಗ್ಗೆ ಓದಿದ್ದು ಏನು ಅಂತಲೂ ನೆನಪಾಗುವುದಿಲ್ಲ. ಸಂಜೆ ಮನೆಗೆ ಬರುವಾಗ ಬರೀ ಸಿಟ್ಟು, ಸುಸ್ತು.

ಬರುವ ವಚನಗಳೂ ಹೆಚ್ಚುಕಡಿಮೆ ಅವೇ. ಯೆರೆಮೀಯ 29:11, ಫಿಲಿಪ್ಪಿ 4:13, ಯೆಹೋಶುವ 1:9, ರೋಮಾ 8:28. ಇವು ದೇವರ ಮಾತು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೇಳಿ ಕೇಳಿ ಅಭ್ಯಾಸವಾಗಿ ಒಳಗೆ ಇಳಿಯುತ್ತಿಲ್ಲ ಅನಿಸುತ್ತಿದೆ. ನೀವೆಲ್ಲ ಸತ್ಯವೇದದಿಂದ ದಿನದ ಬದುಕಿಗೆ ಧೈರ್ಯ ಹೇಗೆ ತೆಗೆದುಕೊಳ್ಳುತ್ತೀರಿ? ದೊಡ್ಡ ಕಷ್ಟ ಬಂದ ದಿನದ ಮಾತಲ್ಲ. ಮಾಮೂಲಿ ದಿನದ ಬಗ್ಗೆ ಕೇಳುತ್ತಿದ್ದೇನೆ.

ಹಳೇ ಒಡಂಬಡಿಕೆ ಪ್ರೇಮಿ:

ಬ್ರದರ್, ನೀವು ಹೇಳಿದ ನಾಲ್ಕರಲ್ಲಿ ಮೊದಲನೆಯದನ್ನೇ ತೆಗೆದುಕೊಳ್ಳೋಣ.

ಯೆರೆಮೀಯ 29 ಒಂದು ಕಾಗದ. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಅರಸ ಯೆಕೊನ್ಯನನ್ನೂ ಅವನ ತಾಯಿಯನ್ನೂ ಕುಶಲಕರ್ಮಿಗಳನ್ನೂ ಬಾಬೆಲಿಗೆ ಸೆರೆ ಒಯ್ದ. ಆ ಜನಕ್ಕೆ ಯೆರೂಸಲೇಮಿನಿಂದ ಪ್ರವಾದಿ ಬರೆದು ಕಳಿಸಿದ ಕಾಗದ ಅದು. ಹಿಂದಿನ ಅಧ್ಯಾಯವನ್ನೂ ಸೇರಿಸಿ ಓದಿ. ಅಲ್ಲಿ ಹನನ್ಯ ಅನ್ನುವವನು ದೇವಾಲಯದಲ್ಲಿ ನಿಂತು, ಎರಡು ವರ್ಷದೊಳಗೆ ಸೆರೆಯವರೆಲ್ಲ ವಾಪಸ್ ಬರುತ್ತಾರೆ ಅಂತ ಸಾರುತ್ತಾನೆ. ಯೆರೆಮೀಯನೇ ಅದಕ್ಕೆ "ಆಮೆನ್, ಹಾಗೆಯೇ ಆಗಲಿ" ಅನ್ನುತ್ತಾನೆ. ಯಾರಿಗೆ ತಾನೇ ಬೇಡ ಅಂಥ ಸುದ್ದಿ? ಆದರೆ ಅದು ದೇವರು ಹೇಳಿಸಿದ ಮಾತಾಗಿರಲಿಲ್ಲ. ದೇವರು ಹೇಳಿದ್ದು 70 ವರ್ಷ. ಅದು 29:10ರಲ್ಲಿದೆ, ನಾವೆಲ್ಲ ಬಾಯಿಪಾಠ ಮಾಡಿದ ವಚನದ ಹಿಂದಿನ ವಚನದಲ್ಲೇ!

70 ವರ್ಷ ಅಂದರೆ ಆ ಕಾಗದ ಓದಿಸಿ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವುದೇ ಇಲ್ಲ. ಹಾಗಾದರೆ ಅವರು ಧೈರ್ಯ ತೆಗೆದುಕೊಳ್ಳುವುದು ಯಾವುದರಿಂದ? 5ರಿಂದ 7ರವರೆಗೆ ನೋಡಿ. ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನಾನು ನಿಮ್ಮನ್ನು ಕಳಿಸಿದ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ, ಅದರ ಕ್ಷೇಮವೇ ನಿಮ್ಮ ಕ್ಷೇಮ. ಶತ್ರುವಿನ ಪಟ್ಟಣಕ್ಕಾಗಿ ಪ್ರಾರ್ಥನೆ! ಆ ಜನಕ್ಕೆ ಇದು ಎಷ್ಟು ಕಷ್ಟದ ಮಾತಾಗಿದ್ದಿರಬೇಕು ಯೋಚಿಸಿ.

ಇದೆಲ್ಲ ಹೇಳಿ ಆದ ಮೇಲೆ "ಅವು ಹಿತದ ಯೋಚನೆಗಳೇ" ಅನ್ನುವ 29:11ರ ಮಾತು ಬರುತ್ತದೆ. ಇಷ್ಟವಿಲ್ಲದ ಜಾಗದಲ್ಲಿ, ಇಷ್ಟವಿಲ್ಲದವರ ಕೈಕೆಳಗೆ, ಆಯಾ ದಿನದ ಕೆಲಸ ಮಾಡಿಕೊಂಡು ಇರಬೇಕಾದವರಿಗೆ ಹೇಳಿದ ಮಾತು ಅದು. ಮೇಲಿನವರು ಬೈದ ದಿನಕ್ಕೆ ಇದಕ್ಕಿಂತ ಹತ್ತಿರದ ಭಾಗ ನನಗೆ ಗೊತ್ತಿಲ್ಲ. ಫೋನಿನಲ್ಲಿ ಬರುವ ಒಂದು ಸಾಲಿನಲ್ಲಿ ಇದು ಯಾವುದೂ ಇರುವುದಿಲ್ಲ. ಅದಕ್ಕೇ ಅದು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ ಅಂತ ನನ್ನ ಅನಿಸಿಕೆ.

ದಿನದ ಓದು:

ಈ ಅಧ್ಯಾಯವನ್ನು ನಾನು ಪೂರ್ತಿ ಒಟ್ಟಿಗೆ ಓದಿಯೇ ಇರಲಿಲ್ಲ. ಈಗ ಓದಿದೆ. ಪಟ್ಟಣಕ್ಕಾಗಿ ಪ್ರಾರ್ಥಿಸಿ ಅನ್ನುವಲ್ಲಿ ನಿಂತುಬಿಟ್ಟೆ. ನನ್ನ ಮೇಲಿನವರಿಗಾಗಿ ನಾನು ಪ್ರಾರ್ಥನೆ ಮಾಡಿದ ನೆನಪೇ ಇಲ್ಲ.

ಪತ್ರಗಳ ಓದುಗಿ:

ಫಿಲಿಪ್ಪಿ 4:13ಕ್ಕೂ ಇದೇ ಮಾತು ಹೇಳಬಹುದು. ಪರೀಕ್ಷೆಗೆ, ಆಟಕ್ಕೆ, ಇಂಟರ್‌ವ್ಯೂಗೆ ಹೋಗುವವರಿಗೆ ಈ ವಚನ ಕೊಡುತ್ತೇವೆ. "ಎಲ್ಲವನ್ನೂ ಮಾಡಬಲ್ಲೆ" ಅಂದರೆ ಗೆದ್ದೇ ಗೆಲ್ಲುತ್ತೇನೆ ಅಂತ ತಿಳಿದುಕೊಳ್ಳುತ್ತೇವೆ. ಆದರೆ ಅಪೊಸ್ತಲ ಪೌಲ ಫಿಲಿಪ್ಪಿಯ ಸಭೆಗೆ ಈ ಪತ್ರ ಬರೆಯುತ್ತಿರುವುದು ಸೆರೆಯಲ್ಲಿ, ಬೇಡಿ ಹಾಕಿಸಿಕೊಂಡು. ಹಿಂದಿನ ಎರಡು ವಚನಗಳಲ್ಲಿ ಆ "ಎಲ್ಲ" ಏನು ಅಂತ ಅವನೇ ಹೇಳಿದ್ದಾನೆ: ಹೊಟ್ಟೆ ತುಂಬಿದ್ದಾಗಲೂ ಹಸಿದಿದ್ದಾಗಲೂ, ಸಮೃದ್ಧಿಯಲ್ಲೂ ಕೊರತೆಯಲ್ಲೂ ಸಂತೃಪ್ತನಾಗಿ ಇರುವುದು. ಅದೂ ಹುಟ್ಟಿನಿಂದ ಬಂದ ಗುಣವಲ್ಲ, ಕಲಿತುಕೊಂಡೆ ಅನ್ನುತ್ತಾನೆ. ಅಪೊಸ್ತಲನಿಗೇ ಕಲಿಯಬೇಕಾಯಿತು ಅನ್ನುವುದು ನನಗೆ ತುಂಬಾ ದೊಡ್ಡ ಸಮಾಧಾನ.

ಇನ್ನೊಂದು ವಿಷಯ ಹೇಳಲೇಬೇಕು. "ಯಾವಾಗಲೂ ಸಂತೋಷಿಸಿರಿ", "ಯಾವ ವಿಷಯದಲ್ಲೂ ಚಿಂತೆ ಮಾಡದೆ" ಅನ್ನುವ ವಚನಗಳನ್ನು (4:4, 4:6) ನಾವು ಗೋಡೆಗೆ ಹಾಕುತ್ತೇವೆ ಅಲ್ವಾ? ಅದಕ್ಕೆ ಸ್ವಲ್ಪ ಮೇಲೆ, 4:2ರಲ್ಲಿ ಯಾರಿದ್ದಾರೆ ನೋಡಿ. ಯುವೊದ್ಯ, ಸಂತುಕೆ. ಸುವಾರ್ತೆಗಾಗಿ ಪೌಲನ ಜೊತೆ ದುಡಿದ ಇಬ್ಬರು ಹೆಂಗಸರು, ಈಗ ಅವರಿಬ್ಬರಿಗೆ ಸರಿಹೋಗುತ್ತಿಲ್ಲ. ಸಭೆಯೊಳಗೆ ಮನಸ್ತಾಪ. ಪೌಲ ಇಬ್ಬರ ಹೆಸರನ್ನೂ ಹೇಳಿ, ದಯವಿಟ್ಟು ಒಂದಾಗಿ ಅಂತ ಬೇಡಿಕೊಳ್ಳುತ್ತಾನೆ, ಅವರಿಗೆ ಸಹಾಯ ಮಾಡು ಅಂತ ಇನ್ನೊಬ್ಬರಿಗೂ ಹೇಳುತ್ತಾನೆ. ಆಮೇಲೆ ಸಂತೋಷಿಸಿರಿ ಅನ್ನುತ್ತಾನೆ. ಇದನ್ನು ಗಮನಿಸಿದ ಮೇಲೆ ನಾನು ಆ ವಚನ ಓದುವ ರೀತಿಯೇ ಬದಲಾಯಿತು. ಮೊದಲು ಯಾರ ಜೊತೆ ಮಾತು ಬಿಟ್ಟಿದ್ದೇನೆ ಅಂತ ನೋಡಿಕೊಳ್ಳುತ್ತೇನೆ.

ಇಡೀ ಪತ್ರ ನಾಲ್ಕೇ ಅಧ್ಯಾಯ, 104 ವಚನ. ಗಟ್ಟಿಯಾಗಿ ಓದಿದರೂ ಕಾಲು ಗಂಟೆ ಸಾಕು. ಸಭೆಗೆ ಬಂದ ಕಾಗದವನ್ನು ಅವರು ಒಂದೇ ಸಲ ಓದಿಸಿ ಕೇಳುತ್ತಿದ್ದರು. ವಚನಕ್ಕೆ ನಂಬರ್ ಬಂದಿದ್ದೇ ಎಷ್ಟೋ ಶತಮಾನ ಆದ ಮೇಲೆ. ಈಗ ನಮ್ಮ ಹೊಸ ಒಡಂಬಡಿಕೆಯಲ್ಲಿರುವ ವಚನ ಸಂಖ್ಯೆಗಳನ್ನು ಹಾಕಿದ್ದು ರಾಬರ್ಟ್ ಎಸ್ತಿಯೆನ್ ಅನ್ನುವ ಮುದ್ರಕ, 1551ರಲ್ಲಿ. ಹುಡುಕುವುದಕ್ಕೆ ಅವು ಬಹಳ ಅನುಕೂಲ, ನಾನೂ ದಿನಾ ಬಳಸುತ್ತೇನೆ. ಆದರೆ ಒಂದೊಂದು ನಂಬರಿನ ಮುಂದೆ ಮಾತು ಮುಗಿದುಹೋಗುತ್ತದೆ ಅಂತ ತಿಳಿಯಬಾರದು.

ನಿರೀಕ್ಷೆ:

ಅಕ್ಕ, ಅಣ್ಣ, ನಿಮ್ಮಿಬ್ಬರ ಮಾತು ಸರಿ. ಆದರೂ ಒಂದು ಸಾಲಿನ ವಚನವನ್ನು ಸಣ್ಣದು ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮ ತಂದೆ ತೀವ್ರ ನಿಗಾ ಘಟಕದಲ್ಲಿದ್ದಾಗ ನಾನು ಹೊರಗೆ ಕುಳಿತು ಅಧ್ಯಾಯ ಓದುವ ಸ್ಥಿತಿಯಲ್ಲಿ ಇರಲಿಲ್ಲ. ಅಕ್ಷರ ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಯಾರೋ ಒಬ್ಬರು ಯೆಶಾಯ 43:2 ಕಳಿಸಿದರು. ನೀರನ್ನು ಹಾದುಹೋಗುವಾಗ ನಾನು ನಿನ್ನ ಜೊತೆ ಇರುತ್ತೇನೆ ಅನ್ನುವ ವಚನ. ಅಷ್ಟೇ. ಇಸ್ರಾಯೇಲಿನ ಚರಿತ್ರೆ, ಸೆರೆವಾಸ ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಆ ಒಂದೇ ಸಾಲು ಹಿಡಿದುಕೊಂಡು ರಾತ್ರಿ ಕಳೆದೆ. ದೇವರು ಆ ಸಾಲಿನಿಂದಲೇ ನನ್ನ ಜೊತೆ ಮಾತಾಡಿದರು ಅಂತ ನಾನು ಇವತ್ತಿಗೂ ನಂಬುತ್ತೇನೆ.

ಹಾಗಾಗಿ ವಚನ ಕಳಿಸುವವರು ನಿಲ್ಲಿಸಬೇಡಿ. ಯಾರ ಫೋನು ಯಾವ ಕಾರಿಡಾರಿನಲ್ಲಿ ತೆರೆಯುತ್ತದೋ ನಮಗೆ ಗೊತ್ತಿರುವುದಿಲ್ಲ.

ಪತ್ರಗಳ ಓದುಗಿ:

ನಿಲ್ಲಿಸಿ ಅಂತ ಖಂಡಿತ ಹೇಳುವುದಿಲ್ಲ ತಂಗಿ. ನಿನ್ನ ಮಾತು ಕೇಳಿದಾಗ ನನಗೆ ಶಿಲುಬೆ ನೆನಪಾಯಿತು. ಯೇಸು ಸ್ವಾಮಿಯೇ ಆ ನೋವಿನಲ್ಲಿ ಒಂದೊಂದು ಸಾಲನ್ನೇ ಹೇಳಿದ್ದು. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ" ಅನ್ನುವುದು ಕೀರ್ತನೆ 22ರ ಮೊದಲ ಸಾಲು. "ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ" ಅನ್ನುವುದು ಕೀರ್ತನೆ 31ರದ್ದು. ಉಸಿರು ಕಟ್ಟುವಾಗ ಯಾರೂ ಉದ್ದ ಓದುವುದಿಲ್ಲ. ಒಳಗೆ ಇಟ್ಟುಕೊಂಡದ್ದು ಬಾಯಿಗೆ ಬರುತ್ತದೆ.

ಆದ್ದರಿಂದ ಎರಡೂ ಬೇಕು. ಉದ್ದ ಓದು ಮಾಮೂಲಿ ದಿನಕ್ಕೆ. ಒಂದು ಸಾಲು ಆ ರಾತ್ರಿಗೆ.

ಬೆರೋಯದ ಓದುಗ:

ಒಂದು ಪ್ರಶ್ನೆ. ಯೆರೆಮೀಯ 29 ಬಾಬೆಲಿನ ಯೆಹೂದ್ಯರಿಗೆ ಬರೆದದ್ದು ಅಂದಮೇಲೆ ಅದನ್ನು ನಾನು ನನ್ನದು ಅಂತ ಹೇಗೆ ಹೇಳಿಕೊಳ್ಳಲಿ? ಸಂದರ್ಭ ನೋಡಿ ಓದಿ ಅಂತ ಹೇಳುತ್ತೀರಿ. ಸಂದರ್ಭ ನೋಡಿದರೆ ಅರ್ಧ ವಾಗ್ದಾನಗಳು ನನ್ನವಲ್ಲ ಅನಿಸುತ್ತವೆ. ಸಂದರ್ಭ ನೋಡದೆ ಓದುವಾಗಲೇ ಧೈರ್ಯ ಜಾಸ್ತಿ ಇತ್ತು!

ಇದನ್ನು ಜಗಳಕ್ಕೆ ಕೇಳುತ್ತಿಲ್ಲ. ನಿಜವಾಗಿಯೂ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಹಳೇ ಒಡಂಬಡಿಕೆ ಪ್ರೇಮಿ:

ನೀವು ಕೇಳಿದ್ದು ಮುಖ್ಯ. ಇದಕ್ಕೆ ಹೊಸ ಒಡಂಬಡಿಕೆಯೇ ಒಂದು ದಾರಿ ತೋರಿಸುತ್ತದೆ.

ಇಬ್ರಿಯ 13:5 ತೆಗೆಯಿರಿ. ಹಣದಾಸೆ ಬಿಡಿ, ಇದ್ದದ್ದರಲ್ಲಿ ತೃಪ್ತರಾಗಿರಿ ಅಂತ ಹೇಳಿ, ಅದಕ್ಕೆ ಕಾರಣವಾಗಿ "ನಾನು ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ" ಅನ್ನುವ ಮಾತನ್ನು ಕೊಡುತ್ತದೆ. ಆ ಮಾತು ಎಲ್ಲಿಯದು? ಧರ್ಮೋಪದೇಶಕಾಂಡ 31ರಲ್ಲಿ ಮೋಶೆ ಜನಕ್ಕೂ ಯೆಹೋಶುವನಿಗೂ ಹೇಳಿದ್ದು. ಯೆಹೋಶುವ 1:5ರಲ್ಲಿ ದೇವರೇ ಯೆಹೋಶುವನಿಗೆ ಹೇಳಿದ್ದು. ಅಲ್ಲಿ ಸಂದರ್ಭ ಯೊರ್ದನ್ ನದಿ ದಾಟಿ ಯುದ್ಧಕ್ಕೆ ಹೋಗುವುದು. ಇಲ್ಲಿ ಸಂದರ್ಭ ಮನೆಯ ಖರ್ಚು, ನಾಳೆಯ ಚಿಂತೆ. ಇಬ್ರಿಯರಿಗೆ ಬರೆದವರು ಯೊರ್ದನ್ ದಾಟಿಸುವ ವಾಗ್ದಾನವನ್ನು ಓದುಗರಿಗೆ ಕೊಡಲಿಲ್ಲ. ಆ ವಾಗ್ದಾನ ಕೊಟ್ಟ ದೇವರು ಎಂಥವನು ಅನ್ನುವುದನ್ನು ಕೊಟ್ಟರು. ದೇಶ ಅವರದು, ದಿನಾಂಕ ಅವರದು. ಕೈಬಿಡದ ದೇವರು ನಮಗೂ ಅವನೇ.

ಯೆರೆಮೀಯನಿಗೂ ಹಾಗೇ ಮಾಡಿ. 70 ವರ್ಷ ನಿಮ್ಮದಲ್ಲ. ನನಗೆ ಇಂಥ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಆ ವಚನದಿಂದ ಹೇಳುವ ಹಾಗಿಲ್ಲ. ಆದರೆ ಶಿಕ್ಷೆಯ ನಡುವೆಯೂ ತನ್ನ ಜನರ ಮೇಲೆ ಹಿತದ ಯೋಚನೆ ಇಟ್ಟುಕೊಂಡವನು ನಮ್ಮ ತಂದೆ. ದೇವರ ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ ಹೌದಾಗುತ್ತವೆ ಅಂತ 2 ಕೊರಿಂಥ 1:20 ಹೇಳುತ್ತದೆ. ರೋಮಾ 15:4 ಇನ್ನೂ ನೇರವಾಗಿದೆ: ಮೊದಲು ಬರೆದದ್ದೆಲ್ಲ ನಮ್ಮ ಉಪದೇಶಕ್ಕಾಗಿ ಬರೆದದ್ದು, ಅದರಿಂದ ಬರುವ ತಾಳ್ಮೆ, ಪ್ರೋತ್ಸಾಹದಿಂದ ನಮಗೆ ನಿರೀಕ್ಷೆ ಇರಲಿ ಅಂತ.

ಧೈರ್ಯ ಜಾಸ್ತಿ ಇತ್ತು ಅಂದಿರಲ್ಲ, ಹನನ್ಯನ ಮಾತು ಕೇಳಿದವರಿಗೂ ಧೈರ್ಯ ಜಾಸ್ತಿಯೇ ಇದ್ದಿರಬೇಕು. ಎರಡು ವರ್ಷ ಕಳೆದ ಮೇಲೆ ಅವರ ಗತಿ ಏನಾಯಿತು ಅಂತ ಯೋಚಿಸಿ. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಬೆರೋಯದ ಓದುಗ:

ಇಬ್ರಿಯ 13ರ ಉದಾಹರಣೆಯಿಂದ ಗಂಟು ಬಿಚ್ಚಿತು. ಸೈತಾನನೂ ಮತ್ತಾಯ 4ರಲ್ಲಿ ಕೀರ್ತನೆ 91ನ್ನೇ ಹೇಳುತ್ತಾನೆ ಅನ್ನುವುದು ಈಗ ನೆನಪಾಗುತ್ತಿದೆ. ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ, ಕೆಳಗೆ ಹಾರು ಅಂತ. ವಚನ ನಿಜ, ಬಳಸಿದ ರೀತಿ ತಪ್ಪು. ಸ್ವಾಮಿ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡ 6 ಮತ್ತು 8ನೇ ಅಧ್ಯಾಯಗಳಿಂದ ಬಂದವು. ಇಸ್ರಾಯೇಲು ಅಡವಿಯಲ್ಲಿ 40 ವರ್ಷ ಕಳೆದದ್ದನ್ನು ನೆನಪಿಸುವ ಭಾಗ ಅದು. ಸ್ವಾಮಿಯೂ ಆಗ ಅಡವಿಯಲ್ಲಿ 40 ದಿನ ಹಸಿದಿದ್ದರು. ಇದ್ದ ಜಾಗಕ್ಕೆ ಸರಿಯಾದ ಭಾಗ!

ಮೌನಿ:

ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಕೆಲವು ತಿಂಗಳಿಂದ ನನ್ನ ಮನಸ್ಸು ಸರಿಯಿಲ್ಲ. ಕಾರಣ ಹೇಳಲು ಬರುವುದಿಲ್ಲ. ಪ್ರಾರ್ಥನೆಗೆ ಕುಳಿತರೆ ಖಾಲಿ. ಸಭೆಯಲ್ಲಿ ಎಲ್ಲರೂ ಪ್ರೋತ್ಸಾಹದ ವಚನ ಕೊಡುತ್ತಾರೆ. ಸಂತೋಷಿಸಿರಿ, ಭಯಪಡಬೇಡ, ಎಲ್ಲವೂ ಹಿತಕ್ಕಾಗಿ. ಪ್ರೀತಿಯಿಂದಲೇ ಕೊಡುತ್ತಾರೆ ಅಂತ ಗೊತ್ತು. ಆದರೆ ಓದಿದಷ್ಟೂ ನನ್ನ ವಿಶ್ವಾಸದಲ್ಲೇ ಏನೋ ತಪ್ಪಿದೆ ಅನಿಸುತ್ತದೆ. ಸಂತೋಷಿಸಲು ಆಗದವಳಿಗೆ ಸತ್ಯವೇದದಲ್ಲಿ ಜಾಗ ಇದೆಯಾ?

ಕೀರ್ತನೆಗಳ ಗೆಳತಿ:

ಸಿಸ್ಟರ್, ಜಾಗ ಇದೆ. ತುಂಬಾ ಇದೆ.

ಕೀರ್ತನೆ 88 ಓದಿ. ಇಡೀ ಕೀರ್ತನೆಯಲ್ಲಿ "ಆದರೂ ನಾನು ಸ್ತುತಿಸುವೆನು" ಅನ್ನುವ ತಿರುವು ಬರುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಬರೆದವನಿಗೆ ವಿಶ್ವಾಸವಿಲ್ಲ ಅಂತ ಯಾರೂ ಅದನ್ನು ತೆಗೆದುಹಾಕಲಿಲ್ಲ. ದೇವರ ಜನ ಹಾಡುವ ಪುಸ್ತಕದಲ್ಲೇ ಇಟ್ಟರು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ ಗೋಳಿನ ಪ್ರಾರ್ಥನೆಗಳೇ. ನಾವು ಫೋನಿನಲ್ಲಿ ಕಳಿಸುವ ವಚನಗಳಲ್ಲಿ ಆ ಭಾಗ ಕಾಣಿಸುವುದೇ ಇಲ್ಲ. ಅದಕ್ಕೇ ನಿಮ್ಮಂಥವರಿಗೆ ಜಾಗ ಇಲ್ಲವೇನೋ ಅನಿಸುತ್ತದೆ.

ನಿಮಗೆ ವಚನ ಕೊಡುವವರಿಗೆ ಹೇಳಬೇಕಾದದ್ದೂ ಸತ್ಯವೇದದಲ್ಲೇ ಇದೆ. ನೊಂದ ಮನಸ್ಸಿನವರ ಮುಂದೆ ಹಾಡು ಹಾಡುವುದು ಚಳಿಯಲ್ಲಿ ಬಟ್ಟೆ ಕಿತ್ತುಕೊಂಡಂತೆ ಅನ್ನುತ್ತದೆ ಜ್ಞಾನೋಕ್ತಿ 25:20. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಏನೂ ಮಾತಾಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಕೆಟ್ಟಿತು. ಕೊನೆಗೆ ದೇವರು ಕೋಪ ಮಾಡಿಕೊಂಡದ್ದೂ ಅವರ ಮೇಲೆ. ದೇವರ ಮುಂದೆ ಕೂಗಾಡಿದ ಯೋಬನ ವಿಷಯದಲ್ಲಿ, ಅವನು ಯುಕ್ತವಾಗಿ ಮಾತಾಡಿದ ಅಂದರು.

ನಿಮ್ಮ ಖಾಲಿತನವನ್ನು ದೇವರ ಮುಂದೆ ಹಾಗೇ ಇಡಿ. ಹೇಗೆ ಬೇಡಬೇಕೋ ನಮಗೆ ಗೊತ್ತಿಲ್ಲದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ರೋಮಾ 8:26. "ಎಲ್ಲವೂ ಹಿತಕ್ಕಾಗಿ" ಅಂತ ಎಲ್ಲರೂ ಹೇಳುವ 8:28ಕ್ಕೆ ಎರಡೇ ವಚನ ಮೊದಲು.

ದಾದಿ ಅಕ್ಕ:

ಸಿಸ್ಟರ್, ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಒಂದು ಮಾತು ಸೇರಿಸುತ್ತೇನೆ.

1 ಅರಸುಗಳು 19. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಓಡಿಹೋಗಿ ಅಡವಿಯಲ್ಲಿ ಗಿಡವೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆ ಅಂತ ಕೇಳುತ್ತಾನೆ. ದೇವರು ಮೊದಲು ಏನು ಮಾಡಿದರು? ಉಪದೇಶ ಇಲ್ಲ. ಬೈಗುಳ ಇಲ್ಲ. ನಿದ್ದೆ ಮಾಡಲು ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ, ನೀರು ಕಳಿಸಿದರು. ಮತ್ತೆ ನಿದ್ದೆ. ಮತ್ತೆ ಊಟ. ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಅಂತ ದೂತನೇ ಒಪ್ಪಿಕೊಳ್ಳುತ್ತಾನೆ. ಆಮೇಲೆ 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ. ಅಲ್ಲಿ ಕೂಡ ದೇವರು ಮೊದಲು ಪ್ರಶ್ನೆ ಕೇಳಿ ಅವನ ಮಾತು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅದೂ ಎರಡು ಸಲ, ಎರಡು ಸಲವೂ ಅವನು ಅದೇ ದೂರನ್ನೇ ಹೇಳುತ್ತಾನೆ. ಕೊನೆಗೆ ಒಂದು ಕೆಲಸ, ಜೊತೆಗಾರನಾಗಿ ಎಲೀಷ, ಮತ್ತು ನೀನು ಒಬ್ಬನೇ ಉಳಿದಿಲ್ಲ, 7,000 ಜನ ಇದ್ದಾರೆ ಅನ್ನುವ ಸುದ್ದಿ.

ದೇಹವನ್ನು ದೇವರು ಕಡೆಗಣಿಸಲಿಲ್ಲ. ನೀವೂ ಕಡೆಗಣಿಸಬೇಡಿ. ತಿಂಗಳುಗಟ್ಟಲೆ ಹೀಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಔಷಧಿ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಆಯಿತು ಅಂತ ಅಲ್ಲ. ಪ್ರಾಣ ಬೇಡ ಅನ್ನುವ ಯೋಚನೆ ಬಂದರೆ ಒಬ್ಬರೇ ಇರಬೇಡಿ, ತಕ್ಷಣ ನಂಬಿಕೆಯ ಒಬ್ಬರನ್ನು ಕರೆದು ಹೇಳಿ, ಆಸ್ಪತ್ರೆಗೆ ಹೋಗಿ. ಇದನ್ನು ಪೂರ್ತಿ ಪ್ರೀತಿಯಿಂದ ಹೇಳುತ್ತಿದ್ದೇನೆ.

ಮೌನಿ:

ಕೀರ್ತನೆ 88 ಓದಿದೆ. ಅತ್ತೆ. ಅಳದೆ ತುಂಬಾ ದಿನ ಆಗಿತ್ತು. ಡಾಕ್ಟರ ವಿಷಯ ಮನೆಯವರ ಹತ್ತಿರ ಮಾತಾಡುತ್ತೇನೆ ಅಕ್ಕ.

ಸಭೆಯ ಹಿರಿಯ:

ಮಗಳೇ, ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ.

ರೋಮಾ 8:28ರ ಹೆಸರು ಬಂದದ್ದರಿಂದ ನಾನೂ ಒಂದು ಮಾತು ಹೇಳುತ್ತೇನೆ. ನಾನು ಎಷ್ಟೋ ಮನೆಗಳ ದುಃಖಕ್ಕೆ ಹೋಗಿದ್ದೇನೆ. ಸಾವಿನ ಮನೆಯಲ್ಲಿ ಆ ವಚನವನ್ನು ನಾನು ಓದುವುದಿಲ್ಲ. ಅದು ನಿಜವಾದ ಮಾತು, ಆದರೆ ಹೇಳುವುದಕ್ಕೆ ಹೊತ್ತು ಇದೆ. ಆಗ ನನಗೆ ಬೇಕಾಗುವುದು ರೋಮಾ 12:15. ಅಳುವವರ ಸಂಗಡ ಅಳಿರಿ.

8:28ರ "ಹಿತ" ಯಾವುದು ಅಂತ 29ರಲ್ಲಿ ಇದೆ. ತನ್ನ ಮಗನ ಹೋಲಿಕೆಗೆ ನಮ್ಮನ್ನು ತರುವುದು. ಕಳೆದುಕೊಂಡ ಹಣ ಎರಡರಷ್ಟಾಗಿ ಬರುತ್ತದೆ ಅಂತ ಪೌಲ ಹೇಳಲಿಲ್ಲ. ಅಧ್ಯಾಯದ ಕೊನೆಯಲ್ಲಿ ಹಿಂಸೆ, ಹಸಿವು, ಕತ್ತಿ ಎಲ್ಲದರ ಪಟ್ಟಿ ಕೊಟ್ಟು, ಇವು ಯಾವುವೂ ನಮ್ಮನ್ನು ಕ್ರಿಸ್ತನ ಪ್ರೀತಿಯಿಂದ ಅಗಲಿಸಲಾರವು ಅನ್ನುತ್ತಾನೆ. ಬರುವುದೇ ಇಲ್ಲ ಅನ್ನಲಿಲ್ಲ. ಬಂದರೂ ಅಗಲಿಸಲಾರವು.

ದಿನದ ಓದು:

ಮತ್ತೆ ನನ್ನ ಆಫೀಸಿನ ವಿಷಯಕ್ಕೆ ಬರಲಾ? ಯೆರೆಮೀಯ ಓದಿದ ಮೇಲೆ ಮೇಲಿನವರಿಗಾಗಿ ಪ್ರಾರ್ಥನೆ ಶುರು ಮಾಡಿದ್ದೇನೆ. ಮನಸ್ಸು ಸ್ವಲ್ಪ ಹಗುರ ಆಗಿದೆ. ಆದರೆ ಅವರು ಬದಲಾಗಿಲ್ಲ. ನಾವು ಕ್ರೈಸ್ತರು, ಸುಮ್ನೆ ಸಹಿಸಿಕೊಳ್ಳಬೇಕು ಅಂತ ಒಬ್ಬರು ಹೇಳಿದರು. ಕೊಲೊಸ್ಸೆ 3:23 ತೋರಿಸಿದರು. ಏನು ಮಾಡಿದರೂ ಕರ್ತನಿಗೆ ಅಂತ ಮನಃಪೂರ್ವಕವಾಗಿ ಮಾಡಿ ಅನ್ನುವ ವಚನ.

ಪತ್ರಗಳ ಓದುಗಿ:

ಆ ವಚನವನ್ನು ಪೌಲ ಬರೆದದ್ದು ದಾಸರಿಗೆ. ಸಂಬಳ ಇಲ್ಲ, ಬಿಟ್ಟುಹೋಗುವ ಹಾಗಿಲ್ಲ, ಹೊಗಳುವವರು ಇಲ್ಲ. ಅಂಥವರಿಗೆ, ನಿಮ್ಮ ಕೆಲಸವನ್ನು ನೋಡುವವನು ಕರ್ತನು, ನಿಮಗೆ ಬಾಧ್ಯತೆ (ಮಕ್ಕಳಿಗೆ ಸಿಗುವಂಥ ಆಸ್ತಿಯ ಪಾಲು) ಇದೆ ಅಂತ 24ರಲ್ಲಿ ಹೇಳುತ್ತಾನೆ. ಆಗಿನ ಕಾಲದಲ್ಲಿ ದಾಸನಿಗೆ ಬಾಧ್ಯತೆ! ಅದು ಅವರಿಗೆ ಎಷ್ಟು ದೊಡ್ಡ ಗೌರವ. ಮುಂದಿನ ವಚನದಲ್ಲೇ ಅನ್ಯಾಯ ಮಾಡಿದವನಿಗೆ ತಕ್ಕದ್ದು ಸಿಗುತ್ತದೆ, ಪಕ್ಷಪಾತ ಇಲ್ಲ ಅಂತಲೂ ಇದೆ. ಯಜಮಾನರಿಗೂ 4:1ರಲ್ಲಿ ಎಚ್ಚರಿಕೆ ಕೊಡುತ್ತಾನೆ, ಪರಲೋಕದಲ್ಲಿ ನಿಮಗೂ ಒಬ್ಬ ಯಜಮಾನನಿದ್ದಾನೆ ಅಂತ.

ಸುಮ್ನೆ ಇರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪೌಲನೇ ಸುಮ್ಮನಿರಲಿಲ್ಲ. ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದೆ ಹೊಡೆಸಿ ಸೆರೆಗೆ ಹಾಕಿದರು. ಆ ರಾತ್ರಿ ಅವನು ಹಾಡಿದ್ದು ಎಲ್ಲರಿಗೂ ಗೊತ್ತು. ಬೆಳಿಗ್ಗೆ, ಗುಟ್ಟಾಗಿ ಹೋಗಿಬಿಡಿ ಅಂದಾಗ, ನಾವು ರೋಮಿನ ಹಕ್ಕುಳ್ಳವರು, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅಧಿಕಾರಿಗಳು ಬಂದು ಬೇಡಿಕೊಂಡರು. ಅಪೊಸ್ತಲರ ಕೃತ್ಯಗಳು 16. ಹಾಡಿದವನೂ ಅವನೇ, ಹಕ್ಕು ಕೇಳಿದವನೂ ಅವನೇ. ನೀವು ಪ್ರಾರ್ಥನೆ ಮಾಡಿ, ಕೆಲಸ ಚೆನ್ನಾಗಿ ಮಾಡಿ, ಎಲ್ಲರ ಮುಂದೆ ಬೈಯಬೇಡಿ ಅಂತ ಮರ್ಯಾದೆಯಿಂದ ಹೇಳಿಯೂ ಹೇಳಿ. ಅಗತ್ಯ ಬಿದ್ದರೆ ಅವರ ಮೇಲಿನವರಿಗೂ ಬರೆಯಿರಿ.

ಎರಡು ಮಕ್ಕಳ ತಾಯಿ:

ಎಲ್ಲ ಓದಿದೆ, ತುಂಬಾ ಬಲ ಬಂತು. ಆದರೆ ನನಗೆ ಕಾಲು ಗಂಟೆ ಒಟ್ಟಿಗೆ ಸಿಗುವುದಿಲ್ಲ. ಪುಸ್ತಕ ತೆಗೆದ ತಕ್ಷಣ ಒಬ್ಬರು ಎದ್ದುಬಿಡುತ್ತಾರೆ. ನನ್ನಂಥವರು ಏನು ಮಾಡಬೇಕು?

ಕೀರ್ತನೆಗಳ ಗೆಳತಿ:

ಅಕ್ಕ, ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಯೋಜನೆಯನ್ನು ಸದ್ಯ ಪಕ್ಕಕ್ಕಿಡಿ. 1,189 ಅಧ್ಯಾಯ, ದಿನಕ್ಕೆ ಮೂರು ನಾಲ್ಕು ಓದಬೇಕಾಗುತ್ತದೆ. ಅದಕ್ಕೂ ಒಂದು ಕಾಲ ಬರುತ್ತದೆ. ಈಗ ಒಂದು ಚಿಕ್ಕ ಭಾಗವನ್ನು ಒಂದು ವಾರ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ಸಲ ಗಟ್ಟಿಯಾಗಿ ಓದಿ, ಮಕ್ಕಳಿಗೂ ಕೇಳಿಸಲಿ. ಕೆಲಸ ಮಾಡುವಾಗ ಆಡಿಯೋ ಹಾಕಿಕೊಳ್ಳಿ. ಒಂದೊಂದು ದಿನ ಒಂದೊಂದು ಸಾಲು ಹಿಡಿಯುತ್ತದೆ. ಅದನ್ನೇ ಪ್ರಾರ್ಥನೆ ಮಾಡಿಬಿಡಿ.

ಕೀರ್ತನೆ 42, 43ರಿಂದ ಶುರು ಮಾಡಬಹುದು. ಎರಡನ್ನೂ ಸೇರಿಸಿ ಓದಿದರೆ ಒಂದೇ ಪಲ್ಲವಿ ಮೂರು ಸಲ ಬರುತ್ತದೆ: ನನ್ನ ಮನವೇ, ಯಾಕೆ ಕುಗ್ಗಿದ್ದೀ? ದೇವರನ್ನು ನಿರೀಕ್ಷಿಸು. ಕೀರ್ತನೆಗಾರ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಒಂದು ಸಲ ಹೇಳಿದ್ದಕ್ಕೆ ಮನಸ್ಸು ಎದ್ದು ನಿಲ್ಲಲಿಲ್ಲ, ಮತ್ತೆ ಹೇಳಿದ, ಮತ್ತೆ ಹೇಳಿದ. "ದಿನದ ಓದು" ಅವರು ಕೇಳಿದ ಪ್ರಶ್ನೆಗೂ ಇದು ಉತ್ತರ ಅನ್ನಿಸುತ್ತದೆ ನನಗೆ. ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೆ ಮರೆತರೆ ಮಧ್ಯಾಹ್ನ ಮತ್ತೆ ಹೇಳಿಕೊಳ್ಳಬೇಕು.

ಸಭೆಯ ಹಿರಿಯ:

ಇನ್ನೊಂದು. ನಮಗೆ ನಾವೇ ಹೇಳಿಕೊಳ್ಳಲು ಆಗದ ದಿನಗಳೂ ಇರುತ್ತವೆ. 1 ಸಮುವೇಲ 30:6ರಲ್ಲಿ ದಾವೀದನು ತನ್ನ ದೇವರಲ್ಲಿ ತನ್ನನ್ನು ಬಲಪಡಿಸಿಕೊಂಡ ಅಂತ ಇದೆ. ಆದರೆ ಅದಕ್ಕೂ ಮೊದಲು, 23:16ರಲ್ಲಿ, ಅದೇ ದಾವೀದ ಅರಸ ಸೌಲನಿಗೆ ಹೆದರಿ ಕಾಡಿನಲ್ಲಿ ಅಡಗಿದ್ದಾಗ ಸೌಲನ ಮಗ ಯೋನಾತಾನ ಎದ್ದು ಅವನಿದ್ದಲ್ಲಿಗೇ ಹೋಗಿ ದೇವರಲ್ಲಿ ಅವನನ್ನು ಬಲಪಡಿಸಿದ. ತನ್ನ ತಂದೆಯ ಕೋಪಕ್ಕೆ ಗುರಿಯಾಗುವ ಕೆಲಸ ಅದು. ಆದರೂ ಹೋದ.

ಪ್ರತಿದಿನ ಒಬ್ಬರನ್ನೊಬ್ಬರು ಎಚ್ಚರಿಸಿರಿ ಅನ್ನುತ್ತದೆ ಇಬ್ರಿಯ 3:13. ವಾರಕ್ಕೊಮ್ಮೆ ಅಲ್ಲ. ಹಾಗೆ ಮಾಡುವಾಗ ಬರೀ ವಚನ ಕೊಟ್ಟು ಬರಬೇಡಿ. 2 ತಿಮೊಥೆ 4ರಲ್ಲಿ ಪೌಲನಿಗೆ ತನ್ನ ಓಟ ಮುಗಿಯುತ್ತಿದೆ ಅಂತ ಗೊತ್ತು. ನೀತಿಯ ಕಿರೀಟದ ಬಗ್ಗೆ ಎಷ್ಟು ಭರವಸೆಯಿಂದ ಬರೆಯುತ್ತಾನೆ! ಅದೇ ಅಧ್ಯಾಯದಲ್ಲಿ, ಬೇಗ ಬಾ, ತ್ರೋವದಲ್ಲಿ ಕರ್ಪನ ಹತ್ತಿರ ಬಿಟ್ಟುಬಂದ ಮೇಲಂಗಿ ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮೊದಲೇ ಬಾ ಅಂತಲೂ ಬರೆಯುತ್ತಾನೆ. ಅವನಿಗೆ ಕಿರೀಟದ ನಿರೀಕ್ಷೆಯೂ ಬೇಕಿತ್ತು, ಚಳಿಗೆ ಮೇಲಂಗಿಯೂ ಬೇಕಿತ್ತು.

ದಾದಿ ಅಕ್ಕ:

ಹಿರಿಯರ ಮಾತಿಗೆ ಆಮೆನ್. "ಮೌನಿ" ಸಿಸ್ಟರ್, ಡಾಕ್ಟರ ಹತ್ತಿರ ಹೋಗುವ ದಿನ ಜೊತೆಗೆ ಯಾರೂ ಇಲ್ಲದಿದ್ದರೆ ನಿಮ್ಮ ಸಭೆಯ ಒಬ್ಬ ಅಕ್ಕನನ್ನು ಕರೆಯಿರಿ. ಕೇಳಲು ಸಂಕೋಚ ಪಡಬೇಡಿ.

ನಿರೀಕ್ಷೆ:

"ಎರಡು ಮಕ್ಕಳ ತಾಯಿ" ಅಕ್ಕ, ನಾನು ಕೀರ್ತನೆ 42 ನಿಮ್ಮ ಜೊತೆ ಓದುತ್ತೇನೆ. ದಿನಾ ಹಿಡಿದ ಒಂದು ಸಾಲನ್ನು ಇಲ್ಲೇ ಬರೆಯೋಣ. ಯಾರಾದರೂ ಸೇರುವುದಿದ್ದರೆ ಸೇರಿ.

ಮೌನಿ:

ನಾನೂ ಸೇರಬಹುದಾ? ಬರೆಯಲು ಆಗದ ದಿನ ಓದುತ್ತೇನೆ ಅಷ್ಟೇ.

ಕೀರ್ತನೆಗಳ ಗೆಳತಿ:

ಖಂಡಿತ ಸಿಸ್ಟರ್. 42 ಉದ್ದ ಅನಿಸಿದರೆ 13 ಓದಿ, ಆರೇ ವಚನ. ಮೊದಲ ಎರಡರಲ್ಲೇ "ಎಷ್ಟರವರೆಗೆ" ಅಂತ ನಾಲ್ಕು ಸಲ ಕೇಳುತ್ತಾನೆ ದಾವೀದ. ಅಲ್ಲಿಗೇ ನಿಲ್ಲಿಸಿದರೂ ಪರವಾಗಿಲ್ಲ. ಉಳಿದ ನಾಲ್ಕನ್ನು ನಿಮಗಾಗಿ ನಾವು ಓದುತ್ತೇವೆ.